ಡಯಟ್ ಬಿಟ್ಟು ಐದೇ ದಿನಕ್ಕೆ ಎರಡು ಕೆಜಿ ಜಾಸ್ತಿ, ನಿಮಗೂ ಹೀಗಾಗಿತ್ತಾ?

ಕೇಳಿದವರು, ಮಂಡ್ಯ:
ನಾಲ್ಕು ತಿಂಗಳು ಡಯಟ್ ಮಾಡಿ 72 ಕೆಜಿಯಿಂದ 65ಕ್ಕೆ ಇಳಿದೆ. ಇಷ್ಟು ಸಾಕು, ಇನ್ನು ಇದನ್ನೇ ಉಳಿಸಿಕೊಳ್ಳೋಣ ಅಂತ ಸೋಮವಾರದಿಂದ ಮಧ್ಯಾಹ್ನ ಒಂದು ಮುದ್ದೆ, ಸ್ವಲ್ಪ ಅನ್ನ ತಿನ್ನಲು ಶುರು ಮಾಡಿದೆ. ಶನಿವಾರ ನೋಡಿದರೆ 67! ಮತ್ತೆ ಎಲ್ಲಾ ಬಿಡಬೇಕಾ? ಅನುಭವ ಇದ್ದವರು ಹೇಳಿ.

ಮೈಸೂರು, ಕುವೆಂಪುನಗರ:
ಬಿಡಬೇಡಿ. ನಾನು ಈ ತಪ್ಪನ್ನು ಮೂರು ಸಲ ಮಾಡಿದ್ದೇನೆ. ತೂಕ ಏರಿತು ಅಂತ ಅನ್ನ ಬಿಡುವುದು, ಎರಡು ದಿನಕ್ಕೆ ಇಳಿದರೆ ಅನ್ನದ್ದೇ ಕಿತಾಪತಿ ಅಂದುಕೊಳ್ಳುವುದು, ಆಮೇಲೆ ಯಾರದ್ದೋ ಮದುವೆಯಲ್ಲಿ ಹೋಳಿಗೆ ಮೇಲೆ ಹೋಳಿಗೆ. ಒಂದು ವರ್ಷ ಹೀಗೇ ಕಳೆದೆ.

ಸುಮ್ನೆ ಲೆಕ್ಕ ಹಾಕಿ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಐದು ದಿನದಲ್ಲಿ ಎರಡು ಕೆಜಿ ಕೊಬ್ಬು ಕೂಡಬೇಕಾದರೆ ಮೈಗೆ ಬೇಕಾದ್ದಕ್ಕಿಂತ ದಿನಕ್ಕೆ ಮೂರು ಸಾವಿರ ಜಾಸ್ತಿ ತಿನ್ನಬೇಕು. ಒಂದು ಮುದ್ದೆಯಿಂದ ಆಗುವ ಕೆಲಸವಾ ಅದು?

ಬಂದಿರುವುದು ಹೆಚ್ಚಿನ ಪಾಲು ನೀರು. ಅನ್ನ, ರಾಗಿ ತಿಂದಾಗ ಅದರಲ್ಲಿ ಒಂದಷ್ಟು ಗ್ಲೈಕೋಜನ್ (ಮೈ ಕೂಡಿಡುವ ಸಕ್ಕರೆ) ಆಗಿ ಮಾಂಸಖಂಡದಲ್ಲಿ, ಲಿವರ್‌ನಲ್ಲಿ ಕೂಡಿಕೊಳ್ಳುತ್ತದೆ. ಡಯಟ್‌ನಲ್ಲಿ ಈ ದಾಸ್ತಾನು ಕರಗಿರುತ್ತದೆ. ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದುಕೊಳ್ಳುತ್ತದೆ. 400 ಗ್ರಾಂ ವಾಪಸ್ ತುಂಬಿತು ಅಂದರೆ ಅಲ್ಲಿಗೇ 1.6 ಕೆಜಿ. ಜೊತೆಗೆ ಹೊಟ್ಟೆಯೊಳಗಿನ ಊಟದ ಭಾರ ಬೇರೆ. ಡಯಟ್‌ನ ಮೊದಲ ವಾರ ಸರಸರ ಇಳಿದಿತ್ತಲ್ಲ, ಆ ನೀರೇ ಇದು. ಆಗ ಖುಷಿಪಟ್ಟಿದ್ದು ನಾವೇ ಅಲ್ವಾ!

ಮಂಡ್ಯ, ತಾಲೂಕಿನ ಹಳ್ಳಿಯಿಂದ:
ಉಪ್ಪನ್ನೂ ನೋಡಿ, ಅದೂ ಮೈಯಲ್ಲಿ ನೀರು ಹಿಡಿದಿಡುತ್ತದೆ. ನನಗೆ ಭಾನುವಾರ ಬೀಗರೂಟ ಇದ್ದರೆ ಸೋಮವಾರ ಒಂದೂವರೆ ಕೆಜಿ ಗ್ಯಾರಂಟಿ. ಏನೂ ಮಾಡದೆ ಮನೆ ಊಟ ಮಾಡಿಕೊಂಡಿದ್ದರೆ ಗುರುವಾರಕ್ಕೆ ಇಳಿದಿರುತ್ತದೆ. ಈಗ ದಿನಾ ಬೆಳಿಗ್ಗೆ ಟಾಯ್ಲೆಟ್‌ಗೆ ಹೋಗಿ ಬಂದ ಮೇಲೆ, ಕಾಫಿಗೆ ಮೊದಲು ತೂಗಿ ಕ್ಯಾಲೆಂಡರ್‌ನಲ್ಲಿ ಬರೆಯುತ್ತೇನೆ. ಏಳು ದಿನದ ಸರಾಸರಿ ಮಾತ್ರ ನೋಡುತ್ತೇನೆ.

ಮೈಸೂರು, ಸರಸ್ವತಿಪುರಂ:
ಮುಟ್ಟಿಗೆ ಮುಂಚಿನ ವಾರ ನನಗೆ ಒಂದು ಕೆಜಿ ಏರುತ್ತದೆ, ಆಮೇಲೆ ತಾನೇ ಹೋಗುತ್ತದೆ. ಆದರೆ ಎಲ್ಲಾ ನೀರೇ ಅಂತ ಸಮಾಧಾನ ಮಾಡಿಕೊಂಡು ಕೂತು ನಾನು ಕೆಟ್ಟೆ. ಮೂರ್ನಾಲ್ಕು ವಾರ ಸರಾಸರಿ ಏರುತ್ತಲೇ ಇತ್ತು. ಕುಕ್ಕರಹಳ್ಳಿ ಕೆರೆ ವಾಕಿಂಗ್ ತಪ್ಪಿಸಿರಲಿಲ್ಲ. ಕೊನೆಗೆ ಸಿಕ್ಕಿಬಿದ್ದದ್ದು ವಾಕಿಂಗ್ ಆದ ಮೇಲಿನ ಮಸಾಲೆ ದೋಸೆ, ದಿನಕ್ಕೆ ನಾಲ್ಕು ಸಕ್ಕರೆ ಕಾಫಿ. ಈಗ ವಾರಕ್ಕೆ ಒಂದೇ ಐಟಂ ವಾಪಸ್ ಸೇರಿಸುತ್ತೇನೆ. ಮೊದಲು ರಾತ್ರಿ ಚಪಾತಿ, ತೂಕ ಒಂದು ಕಡೆ ನಿಂತ ಮೇಲೆ ಬೇರೆ.

ಕಾಲು ಊದಿಕೊಂಡರೆ, ಉಸಿರು ಕಟ್ಟಿದರೆ ಮಾತ್ರ ಇಲ್ಲಿ ಕೇಳುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಕೇಳಿದವರು, ಮಂಡ್ಯ:
ಊತ ಏನೂ ಇಲ್ಲ. ಮುದ್ದೆ ಬಿಡಲ್ಲ, ಮೂರು ವಾರ ಬರೆದಿಡುತ್ತೇನೆ. ಒಂದು ಹೇಳುವುದು ಮರೆತಿದ್ದೆ. ಸೋಮವಾರ ತೂಗಿದ್ದು ನಮ್ಮನೆಯಲ್ಲಿ, ಖಾಲಿ ಹೊಟ್ಟೆಯಲ್ಲಿ. ಶನಿವಾರ ತೂಗಿದ್ದು ಅಕ್ಕನ ಮನೆ ಮಷೀನ್‌ನಲ್ಲಿ, ರಾತ್ರಿ ಊಟ ಆದ ಮೇಲೆ.

ಮೈಸೂರು, ಕುವೆಂಪುನಗರ:
ಅಯ್ಯೋ ತಾಯಿ, ಅದನ್ನು ಮೊದಲು ಹೇಳಬಾರದಾ!