ಹೊಳೆ ಏರಿದರೆ ನೆಲಮಹಡಿ ಬಚ್ಚಲಲ್ಲಿ ನೀರು: ಶನಿವಾರ ಸೇರೋಣ

ಜಿ-2: ಎಲ್ಲರಿಗೂ ನಮಸ್ಕಾರ, ನೆಲಮಹಡಿಯ ಜಿ-2 ಮನೆಯಿಂದ. ರಾತ್ರಿ ಮತ್ತೆ ನಮ್ಮ ಬಚ್ಚಲಿನ ಜಾಲಿಯಿಂದ ನೀರು ಉಕ್ಕಿತು. ಇಲ್ಲಿ ಒಂದು ಹನಿ ಮಳೆ ಇರಲಿಲ್ಲ, ಹೊಳೆ ಮಾತ್ರ ತುಂಬಿತ್ತು. ಮೊದಲು ಗುಳುಗುಳು ಸದ್ದು. ಆಮೇಲೆ ಕಪ್ಪು ನೀರು, ಅದರಲ್ಲಿ ಕೊಳೆತ ಎಲೆ. ಒಂದೇ ಬೆಡ್‌ರೂಮಿನ ಮನೆ ಇದು, ಬಚ್ಚಲಿಗೂ ಹಾಸಿಗೆಗೂ ನಡುವೆ ಒಂದು ಹೊಸ್ತಿಲು ಅಷ್ಟೇ. ಸಾಮಾನು ಎತ್ತಿಡೋಣ ಅಂದ್ರೆ ಇನ್ನೊಂದು ಕೋಣೆ ಇಲ್ಲ. ಅತ್ತೆಯನ್ನು ಅಡುಗೆಕಟ್ಟೆ ಪಕ್ಕ ಕುರ್ಚಿ ಹಾಕಿ ಕೂರಿಸಿದ್ದೆವು.

ಎಫ್-3: ಅಯ್ಯೋ ಅಕ್ಕಾ, ರಾತ್ರಿಯೇ ಮೇಲೆ ಬರಬಾರದಿತ್ತಾ? ನದಿ ತಡೆಗೋಡೆ ಎತ್ತರಿಸಿ ಅಂತ ಎಲ್ಲರೂ ಸಹಿ ಹಾಕಿ ಅರ್ಜಿ ಕೊಡೋಣ.

ಎಸ್-1: ಗೋಡೆ ಎಷ್ಟು ಎತ್ತರ ಮಾಡಿದರೂ ಇದು ನಿಲ್ಲುವುದಿಲ್ಲಮ್ಮ. ನೀರು ಗೋಡೆ ಹಾರಿ ಬರುತ್ತಿಲ್ಲ, ಕೊಳವೆಯಲ್ಲಿ ಹಿಂದಕ್ಕೆ ಬರುತ್ತಿದೆ. ಹಳೇ ಪೇಟೆಗಳಲ್ಲಿ ಮಳೆನೀರು, ಬಚ್ಚಲ ನೀರು ಒಂದೇ ಕೊಳವೆಯಲ್ಲಿ ಹೋಗುವುದುಂಟು. ತುಂಬಿ ಹೆಚ್ಚಾದದ್ದು ನದಿಗೆ ಬೀಳುತ್ತದೆ. ನದಿ ಆ ಬಾಯಿಗಿಂತ ಮೇಲೆ ಏರಿದರೆ ಉಲ್ಟಾ ಹರಿದು, ಎಲ್ಲಕ್ಕಿಂತ ತಗ್ಗಿನಲ್ಲಿರುವ ಜಾಲಿಯಲ್ಲಿ ಉಕ್ಕುತ್ತದೆ. ಅದನ್ನು ತಡೆಯಲು ಕೊಳವೆ ಬಾಯಿಗೆ ತೂಗು ಮುಚ್ಚಳ ಇರುತ್ತದೆ. ಒಳಗಿನ ನೀರು ತಳ್ಳಿದರೆ ತೆರೆಯಬೇಕು, ಹೊರಗಿನದು ತಳ್ಳಿದರೆ ಮುಚ್ಚಬೇಕು. ಬೆಳಿಗ್ಗೆ ಹೋಗಿ ನೋಡಿದೆ. ಅದರ ಸಂದಿಯಲ್ಲಿ ಒಂದು ಮರದ ಕೊಂಬೆ, ಸುತ್ತ ಪ್ಲಾಸ್ಟಿಕ್ ಗಂಟು. ಮುಚ್ಚಳ ಅರ್ಧ ತೆರೆದೇ ನಿಂತಿದೆ.

ಜಿ-4: ಹಾಗಾದ್ರೆ ಹುಡುಗರನ್ನು ಕರೆದು ಇವತ್ತೇ ತೆಗೆಸಿಬಿಡೋಣ ಸರ್.

ಎಸ್-1: ಬೇಡಪ್ಪ. ಹೊಳೆ ಇಳಿಯದೆ ಯಾರೂ ಅಲ್ಲಿಗೆ ಇಳಿಯಬಾರದು. ರಭಸವಾಗಿ ಹರಿಯುವ ನೀರು ಅರ್ಧ ಅಡಿ ಇದ್ದರೂ ಗಟ್ಟಿಮುಟ್ಟಾದವರ ಕಾಲು ಕೀಳಬಹುದು. ಮ್ಯಾನ್‌ಹೋಲ್‌ಗಂತೂ ಇಳಿಯಲೇಬಾರದು, ಒಳಗಿನ ವಿಷಗಾಳಿಗೆ ಜೀವ ಹೋಗುತ್ತದೆ. ಫೋಟೋ ಹಾಕಿ ದೂರು ಕೊಟ್ಟಿದ್ದೇನೆ. ನೀವೂ ಒಬ್ಬೊಬ್ಬರೇ ಕೊಡಿ. ಇತ್ತ ನಮ್ಮ ಕಟ್ಟಡದ ಕೊನೆಯ ಚೇಂಬರ್‌ಗೂ, ಅಂದರೆ ಬಚ್ಚಲ ನೀರು ಹೊರಗೆ ಹೋಗುವ ಗುಂಡಿಗೂ, ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಸಬೇಕು. ಅದು ನೀರನ್ನು ಹೊರಗೆ ಮಾತ್ರ ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ.

ಟಿ-2: ಮೂರನೇ ಮಹಡಿಗೆ ನೀರು ಬರುವುದಿಲ್ಲ. ನಾವೂ ದುಡ್ಡು ಹಾಕಬೇಕಾ? ಬೇಜಾರು ಮಾಡಿಕೊಳ್ಳಬೇಡಿ, ಬಾಡಿಗೆ ಕಟ್ಟೋದೇ ಕಷ್ಟ ಆಗಿದೆ.

ಜಿ-2: ಬೇಜಾರಿಲ್ಲ ತಮ್ಮಾ. ಆದರೆ ಸಂಪ್ ನೆಲದಲ್ಲೇ ಇದೆ. ಕೊಳಕು ಅದಕ್ಕೆ ಸೇರಿದರೆ ನಿಮ್ಮ ನಲ್ಲಿಯಲ್ಲೂ ಅದೇ ನೀರು. ಮೀಟರ್ ಬೋರ್ಡೂ ಕೆಳಗೇ ಇದೆ. ಅದಕ್ಕೆ ನೀರು ತಾಗಿದರೆ ಇಡೀ ಕಟ್ಟಡಕ್ಕೇ ಅಪಾಯ.

ಎಸ್-1: ದುಡ್ಡಿಗಿಂತ ದೊಡ್ಡ ವಿಷಯ ಇನ್ನೊಂದಿದೆ. ವಾಲ್ವ್ ಮುಚ್ಚಿಕೊಂಡಾಗ ನದಿ ನೀರು ಒಳಗೆ ಬರುವುದಿಲ್ಲ, ನಮ್ಮ ನೀರೂ ಹೊರಗೆ ಹೋಗುವುದಿಲ್ಲ. ಆಗ ಮೂರನೇ ಮಹಡಿಯವರು ಸ್ನಾನ ಮಾಡಿದರೆ ಆ ನೀರು ಜಿ-2 ಮನೆಯಲ್ಲಿ ಉಕ್ಕುತ್ತದೆ. ಮೇಲಿನವರು ವಾಷಿಂಗ್ ಮೆಷಿನ್, ಸ್ನಾನ, ಫ್ಲಶ್ ಎಲ್ಲ ನಿಲ್ಲಿಸದಿದ್ದರೆ ವಾಲ್ವ್ ಹಾಕಿಸಿಯೂ ಸುಖ ಇಲ್ಲ.

ಟಿ-2: ಇದು ಗೊತ್ತಿರಲಿಲ್ಲ ಸರ್. ನಾನು ರಾತ್ರಿ ಪಾಳಿ, ಬೆಳಗಿನ ಜಾವ ಬಂದು ಸ್ನಾನ ಮಾಡುತ್ತೇನೆ. ಮೆಸೇಜ್ ನೋಡದೆ ಇರಬಹುದು, ಕಾಲ್ ಮಾಡಿ. ದುಡ್ಡು ಎರಡು ಕಂತಲ್ಲಿ ಕೊಡಬಹುದಾ?

ಜಿ-2: ಖಂಡಿತ.

ಎಫ್-3: ನಮ್ಮ ಕಿಟಕಿಯಿಂದ ಘಾಟಿನ ಮೆಟ್ಟಿಲು ಕಾಣುತ್ತದೆ. ನೀರು ಮೇಲಿನ ಮೆಟ್ಟಿಲು ಮುಟ್ಟಿದ ಕೂಡಲೇ ಇಲ್ಲಿ ಹಾಕುತ್ತೇನೆ, ಟಿ-2ಗೆ ಕಾಲ್ ಕೂಡ ಮಾಡುತ್ತೇನೆ. ಅಕ್ಕಾ, ನಿಮ್ಮ ಹಾಸಿಗೆ ಇವತ್ತೇ ನಮ್ಮ ಟೆರೇಸಿಗೆ ಹಾಕಿ. ಒದ್ದೆ ಬಟ್ಟೆಗೆ ಒಂದೆರಡು ದಿನದಲ್ಲೇ ಬೂಸ್ಟು ಹಿಡಿಯುತ್ತದೆ.

ಎಸ್-1: ಶನಿವಾರ ಸಂಜೆ ಆರಕ್ಕೆ ಪಾರ್ಕಿಂಗ್‌ನಲ್ಲಿ ಸೇರೋಣ. ಪ್ಲಂಬರ್‌ಗೆ ಬರಲು ಹೇಳಿದ್ದೇನೆ. ಮನೆ ಮಾಲೀಕರು ಬೇರೆ ಕಡೆ ಇದ್ದರೆ ಬಾಡಿಗೆದಾರರು ಅವರಿಗೆ ಈಗಲೇ ತಿಳಿಸಿ, ಚೇಂಬರ್ ಒಡೆಯಲು ಅವರ ಒಪ್ಪಿಗೆ ಬೇಕು.