ಚಳಿಗಾಲದ ಒಲಿಂಪಿಕ್ಸ್ ಪರಿಚಯ ಫಲಕ: ಆಟಗಾರರ ಜೊತಿ ವಿನ್ಯಾಸಕಾರರನ್ನ ಹೆಂಗ ಕೂಡಿಸೋದು?

ಸಾಧನಕೇರಿ ವಾಚಕ (ಧಾರವಾಡ)

ಎಲ್ಲಾರಿಗೂ ನಮಸ್ಕಾರ್ರಿ. ಹೈಸ್ಕೂಲಿನ ಗ್ರಂಥಾಲಯದ ಗೋಡೆಗೆ ಎಂಟು ಫಲಕ ಮಾಡೋದದ. ವಿಷಯ ಚಳಿಗಾಲದ ಒಲಿಂಪಿಕ್ಸ್. ಬರೇ ಆಟಗಾರರಲ್ಲ, ಪದಕ, ಉಡುಪು, ಸಲಕರಣಿ, ಓಟದ ಹಾದಿ ವಿನ್ಯಾಸ ಮಾಡಿದವರೂ ಬರಬೇಕು ಅಂತ ಆಸೆ. ಅಳತಿ ಎ2, ಒಂದೊಂದಕ್ಕ 120 ಶಬ್ದದ ಮಿತಿ.

ಈಗಿನ ಕರಡು ಓದಿದರ ರೈಲ್ವೆ ವೇಳಾಪಟ್ಟಿ ಓದಿದಂಗ ಆಗ್ತದ: ಇಸವಿ, ಊರು, ಪದಕ, ಮತ್ತ ಇಸವಿ, ಊರು, ಪದಕ. ಮೂರು ವಿಷಯಕ್ಕ ಸಹಾಯ ಬೇಕು. ವಿನ್ಯಾಸಕಾರರೊಳಗ ಯಾರನ್ನ ತಗೋಬೇಕು? ಹಿಮ ಕಾಣದ ಮಕ್ಕಳಿಗೆ ಇಳಿಜಾರಿನ ಅಂದಾಜು ಹೆಂಗ ಕೊಡಬೇಕು? ಭಾರತದವರ ಫಲಕದಾಗ ಸಾಮಾನ್ಯವಾಗಿ ಎಲ್ಲಿ ತಪ್ಪಾಗ್ತದ?

ಇಳಿಜಾರು (ಹುಬ್ಬಳ್ಳಿ)

ಆಟಗಾರರಿಗೆ ನಾಲ್ಕು, ವಿನ್ಯಾಸಕಾರರಿಗೆ ನಾಲ್ಕು ಅಂತ ಪಾಲು ಮಾಡಬ್ಯಾಡ್ರಿ. ಜೋಡಿ ಮಾಡ್ರಿ. ಒಬ್ಬರು ಮಾಡಿದ ವಸ್ತು, ಅದರ ಮ್ಯಾಲೆ ಇನ್ನೊಬ್ಬರು ಆಡಿದ ಆಟ, ಎರಡೂ ಒಂದೇ ಫಲಕದಾಗ. ಆಗ ಪದಕದ ಪಟ್ಟಿ ತಾನ ಸಣ್ಣದಾಗ್ತದ.

ಮೊದಲನೇ ಫಲಕಕ್ಕ ಜೋಡಿನೂ ಬೇಕಾಗಿಲ್ಲ, ಒಬ್ಬರೇ ಎರಡೂ ಆಗ್ಯಾರ. ಸ್ವಿಟ್ಜರ್ಲೆಂಡಿನ ಬರ್ನ್‌ಹಾರ್ಡ್ ರೂಸ್ಸಿ. 1972ರ ಸಪೊರೊದಾಗ ಡೌನ್‌ಹಿಲ್ (ಗುಡ್ಡದಿಂದ ಅತೀ ವೇಗದಾಗ ಇಳಿಯೋ ಸ್ಕೀ ಓಟ) ಚಿನ್ನ, 1976ರ ಇನ್ಸ್‌ಬ್ರುಕ್‌ನಾಗ ಫ್ರಾಂಜ್ ಕ್ಲಾಮರ್ ಹಿಂದ ಬೆಳ್ಳಿ. ಆಮ್ಯಾಲೆ ಒಲಿಂಪಿಕ್ಸಿನ ಡೌನ್‌ಹಿಲ್ ಹಾದಿಗಳನ್ನ ವಿನ್ಯಾಸ ಮಾಡೋ ಕೆಲಸ ಹಿಡಿದರು. 1992ರ ವಾಲ್ ದಿಜೇರ್, 1994ರ ಕ್ವಿಟ್‌ಫ್ಯೆಲ್, 2014ರ ರೋಜಾ ಖುಟೊರ್, 2022ರ ಯಾನ್‌ಚಿಂಗ್ ಎಲ್ಲಾ ಅವರವೇ.

ಇಲ್ಲಿ ಒಂದು ತಪ್ಪು ಭಾಳ ಕಡೆ ಕಾಣ್ತದ. ಹಾದಿಯ ವಿನ್ಯಾಸಕಾರ ಬ್ಯಾರೆ, ಗೇಟು ನೆಡಿಸುವ ಕೋರ್ಸ್ ಸೆಟ್ಟರ್ ಬ್ಯಾರೆ. ಗುಡ್ಡದ ಯಾವ ಮೈಯಾಗ ಹಾದಿ ಇಳೀಬೇಕು, ಎಲ್ಲಿ ಜಿಗಿತ, ಎಲ್ಲಿ ತಿರುವು, ಎಲ್ಲಿ ದಮ್ಮು ತಗೊಳ್ಳಾಕ ಸಪಾಟು ಜಾಗ, ಇದನ್ನ ವರ್ಷಗಟ್ಟಲೆ ಮೊದಲ ಠರಾಸೋದು ವಿನ್ಯಾಸಕಾರ. ಓಟದ ಮುಂಚೆ ಬಂದು ಬಾವುಟದ ಗೇಟುಗಳ ಜಾಗ ಗೊತ್ತು ಮಾಡೋದು ಸೆಟ್ಟರ್. ರೂಸ್ಸಿ ಅವರದು ವಿನ್ಯಾಸಕಾರನ ಕೆಲಸ.

ಅಂದಾಜಿಗೆ 2014ರ ಸೋಚಿ ಒಲಿಂಪಿಕ್ಸಿನ, ಅಂದರ ರೋಜಾ ಖುಟೊರ್ ಹಾದಿಯ ಲೆಕ್ಕ ಕೊಡ್ರಿ. ಪುರುಷರ ಡೌನ್‌ಹಿಲ್ ಇಳಿತ 1,075 ಮೀಟರ್. ಜೋಗ 253 ಮೀಟರ್. ನಾಲ್ಕು ಜೋಗ ಒಂದರ ಮ್ಯಾಲೊಂದು ನಿಲ್ಲಿಸಿದರೂ 1,012, ಇನ್ನೂ 63 ಮೀಟರ್ ಕಡಿಮಿ. ಹಾದಿಯ ಉದ್ದ 3,495 ಮೀಟರ್. ಆಸ್ಟ್ರಿಯಾದ ಮಥಿಯಾಸ್ ಮಾಯರ್ 2 ನಿಮಿಷ 6.23 ಸೆಕೆಂಡಿನಾಗ ಇಳಿದು ಗೆದ್ದರು. ಸರಾಸರಿ ತಗದರ ಗಂಟೆಗೆ 100 ಕಿ.ಮೀ. ಹತ್ತಿರ ಬರ್ತದ. ಆ ವೇಗದಾಗ ಹೋದರ ಹುಬ್ಬಳ್ಳಿಯಿಂದ ಧಾರವಾಡಕ್ಕ 12 ನಿಮಿಷ, ಅದೂ ಕಾಲಿಗೆ ಎರಡು ಪಟ್ಟಿ ಕಟ್ಟಿಕೊಂಡು. ಮಕ್ಕಳಿಗೆ ಇಷ್ಟು ಸಾಕು.

ಹೊಗಳಿಕಿ ಅಷ್ಟೇ ಬರೀಬ್ಯಾಡ್ರಿ. ವಾಲ್ ದಿಜೇರ್ ಹಾದಿಯಾಗ ತಿರುವು ಜಾಸ್ತಿ ಆತು, ವೇಗದವರಿಗೆ ಅನ್ಯಾಯ ಆತು ಅಂತ ಆಗಲೇ ಟೀಕೆ ಬಂದಿತ್ತು. ರೂಸ್ಸಿ ಅವರದೇ ಆದ 2018ರ ಜೊಂಗ್‌ಸೊನ್ ಹಾದಿಗೆ ಗಾರಿವಾಂಗ್ ಬೆಟ್ಟದ ಹಳೇ ಕಾಡು ಕಡಿದದ್ದಕ್ಕ ಕೊರಿಯಾದಾಗ ದೊಡ್ಡ ವಿರೋಧ ಆತು. ಕಪ್ಪತಗುಡ್ಡದ ಸಲುವಾಗಿ ಹೋರಾಡಿದ ಸೀಮೆಯ ಮಕ್ಕಳಿಗೆ ಈ ಸಾಲು ಬಿಡಿಸಿ ಹೇಳೋದು ಬ್ಯಾಡ.

ಪಿ.ಟಿ. ಮಾಸ್ತರ (ಹಾವೇರಿ)

ಜೋಡಿ ವಿಚಾರ ಚಲೋ ಐತಿ. ನನ್ನ ಪ್ರಕಾರ ಎಲ್ಲಾಕಿಂತ ಗಟ್ಟಿ ಜೋಡಿ ಕ್ಲಾಪ್ ಸ್ಕೇಟ್‌ದು.

ಹಳೇ ಸ್ಪೀಡ್ ಸ್ಕೇಟಿನಾಗ ಅಲಗು ಬೂಟಿಗೆ ಮುಂದೂ ಹಿಂದೂ ಬಿಗಿದಿರ್ತಿತ್ತು. ಒದ್ದು ಮುಂದ ಹೋಗುವಾಗ ಹಿಮ್ಮಡಿ ಎತ್ತಿದರ ಅಲಗಿನ ತುದಿ ಐಸ್‌ಗೆ ಚುಚ್ಚಿ ಘರ್ಷಣೆ ಆಗತಿತ್ತು. ಅದಕ್ಕ ಆಟಗಾರ ಕಣಕಾಲಿನ ಕೊನೇ ಒದಿಕಿಯನ್ನ ತಾನ ತಡಕೋಬೇಕಿತ್ತು. ಮೀನಖಂಡದ ಬಲ ಪೂರಾ ಉಪಯೋಗಕ್ಕ ಬರ್ತಿರಲಿಲ್ಲ. ಆಮ್‌ಸ್ಟರ್‌ಡ್ಯಾಮಿನ ವ್ರೈಯೆ ವಿಶ್ವವಿದ್ಯಾಲಯದಾಗ ದೇಹಚಲನೆ ಅಧ್ಯಯನ ಮಾಡ್ತಿದ್ದ ಗೆರಿಟ್ ಯಾನ್ ಫಾನ್ ಇಂಗನ್ ಸ್ಖೇನೌ ಮತ್ತವರ ತಂಡ ಪಾದದ ಮುಂಗಾಲಿನ ಕೆಳಗ ಒಂದು ಬಿಜಾಗರಿ ಇಟ್ಟರು. ಹಿಮ್ಮಡಿ ಮ್ಯಾಲೆ ಏಳ್ತದ, ಅಲಗು ಮಾತ್ರ ಐಸ್ ಮ್ಯಾಲೆ ಸಪಾಟ ಉಳೀತದ. ಒದಿಕಿ ಮುಗಿದ ಮ್ಯಾಲೆ ಸ್ಪ್ರಿಂಗ್ ಅದನ್ನ ಎಳದು "ಟಪ್" ಅಂತ ಬೂಟಿಗೆ ಬಡೀತದ. ಹವಾಯಿ ಚಪ್ಪಲಿ ಹಾಕ್ಕೊಂಡು ಲಗುಲಗು ನಡದರ ಹಿಮ್ಮಡಿಗೆ ಬಡಿಯೋ ಸಪ್ಪಳ ಐತಲ್ಲ, ಅದೇ. ಫಲಕದ ಹತ್ತಿರ ಒಂದು ಹಳೇ ಚಪ್ಪಲಿ ತೂಗಹಾಕಿದರ ಚಿತ್ರದ ಜರೂರೇ ಇಲ್ಲ.

1980ರ ದಶಕದಾಗ ಹುಟ್ಟಿದ ವಿಚಾರ ಇದು, ದೊಡ್ಡ ಆಟಗಾರರು ಮೊದಲ ಮೂಸಿನೂ ನೋಡಲಿಲ್ಲ. 1994-95ರಾಗ ದಕ್ಷಿಣ ಹಾಲೆಂಡಿನ ಕಿರಿಯರು ಹಾಕ್ಕೊಂಡು ಓಡಿದರು, 1996-97ರಾಗ ಡಚ್ ಮಹಿಳೆಯರು ಹಿಡಿದರು, 1998ರ ನಗಾನೊ ಅನ್ನೂದ್ರಾಗ ಎಲ್ಲಾರ ಕಾಲಾಗೂ ಅದೇ. ಅಲ್ಲಿ ಗಿಯಾನಿ ರೊಮ್ಮೆ 5,000 ಮತ್ತು 10,000 ಮೀಟರ್ ಎರಡನ್ನೂ ವಿಶ್ವದಾಖಲೆ ಮಾಡಿ ಗೆದ್ದರು. ಮರಿಯಾನ್ನೆ ಟಿಮ್ಮರ್ 1,000 ಮತ್ತು 1,500 ಗೆದ್ದರು. ಫಾನ್ ಇಂಗನ್ ಸ್ಖೇನೌ ಅದೇ ವರ್ಷ ತೀರಿಕೊಂಡರು. 120 ಶಬ್ದದಾಗ ಇದಕ್ಕ ಜಾಗ ಇಡ್ರಿ.

ಭಾರತದ ಫಲಕದ ತಪ್ಪು ಕೇಳೀರಿ. ಮೂರು ಖಾಯಂ ತಪ್ಪು ಅದಾವ. ಒಂದು, ಲ್ಯೂಜ್ (ಐಸ್ ಹಾದಿಯಾಗ ಸ್ಲೆಡ್ ಮ್ಯಾಲೆ ಜಾರೋ ಆಟ) ಆಟಗಾರ ಶಿವ ಕೇಶವನ್ ಅವರನ್ನ ಚಳಿಗಾಲದ ಒಲಿಂಪಿಕ್ಸಿಗೆ ಹೋದ ಮೊದಲ ಭಾರತೀಯ ಅಂತ ಬರೆಯೋದು. ಅಲ್ಲ. 1964ರ ಇನ್ಸ್‌ಬ್ರುಕ್‌ಗೆ ಸ್ಕೀ ಆಟಗಾರ ಜೆರೆಮಿ ಬುಜಕೊವ್‌ಸ್ಕಿ ಹೋಗಿದ್ದರು, 1968ಕ್ಕೂ ಹೋದರು. ಎರಡು, 2006ರ ನೇಹಾ ಅಹುಜಾ ಅವರನ್ನ ಮೊದಲ ಮಹಿಳೆ ಅನ್ನೋದು. 18 ವರ್ಷ ಮೊದಲ, 1988ರ ಕ್ಯಾಲ್ಗರಿಯಾಗ ಶೈಲಜಾ ಕುಮಾರ್ ಸ್ಲಾಲಮ್ (ಗೇಟುಗಳ ನಡುವ ಹೊರಳಿ ಹೊರಳಿ ಇಳಿಯೋ ಸ್ಕೀ ಓಟ) ಮುಗಿಸಿ 28ನೇ ಸ್ಥಾನ ತಗೊಂಡಾರ. ಮೂರು, ಕೊಡಗಿನ ಕ್ರಾಸ್ ಕಂಟ್ರಿ ಸ್ಕೀಯರ್ ಭವಾನಿ ತೆಕ್ಕಡ ನಂಜುಂಡ ಅವರು 2025ರಾಗ ಚಿಲಿಯೊಳಗ 5 ಕಿ.ಮೀ. ಕಂಚು ಗೆದ್ದದ್ದನ್ನ ಒಲಿಂಪಿಕ್ ಪದಕ ಅಂತ ಬರೆಯೋದು. ಅದು ಎಫ್‌ಐಎಸ್ (ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ) ಸ್ಪರ್ಧೆಯ ಪದಕ. ನಮ್ಮ ರಾಜ್ಯದವರು ಅಂತ ಫಲಕದಾಗ ಖಂಡಿತ ಬರಲಿ, ಪದಕದ ಹೆಸರು ಮಾತ್ರ ಬದಲಿ ಆಗಬಾರದು.

ಕಸೂತಿ ಎಳೆ (ಧಾರವಾಡ)

ಉಡುಪಿಗೆ ವೆರಾ ವಾಂಗ್ ಅವರನ್ನು ತಗೊಳ್ಳಿ. ಮದುವಿ ಗೌನುಗಳ ಹೆಸರಿನಿಂದ ಜನರಿಗೆ ಗೊತ್ತು, ಆದರೆ ಮೂಲದಲ್ಲಿ ಅವರು ಫಿಗರ್ ಸ್ಕೇಟರ್. 1968ರ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಜೋಡಿ ವಿಭಾಗದಲ್ಲಿ ಆಡಿದರು, ಒಲಿಂಪಿಕ್ ತಂಡಕ್ಕೆ ಆಯ್ಕೆಯಾಗಲಿಲ್ಲ. ಮುಂದೆ 1994ರಲ್ಲಿ ಬೆಳ್ಳಿ ಗೆದ್ದ ನ್ಯಾನ್ಸಿ ಕೆರಿಗನ್, 2022ರಲ್ಲಿ ಚಿನ್ನ ಗೆದ್ದ ನೇಥನ್ ಚೆನ್ ಇಬ್ಬರಿಗೂ ಉಡುಪು ಮಾಡಿದರು.

ಈ ಫಲಕದಲ್ಲಿ "ಚಂದದ ಉಡುಪು" ಅಂತ ಬರೆದರೆ ಏನೂ ಹೇಳಿದಂತಾಗುವುದಿಲ್ಲ. ಬಟ್ಟೆಯ ಲೆಕ್ಕ ಹೇಳಿ. ನಮ್ಮ ಕಸೂತಿ ಎಳೆ ಎಣಿಸಿ ಹಾಕುವ ಕೆಲಸ. ಗವಂತಿ, ಮುರಗಿ ಎರಡೂ ಹೊಲಿಗೆಗೆ ಅಲುಗಾಡದ ನೇಯ್ಗೆಯ ಬಟ್ಟೆ ಬೇಕು. ಸ್ಕೇಟಿಂಗ್ ಉಡುಪು ನಾಲ್ಕೂ ದಿಕ್ಕಿಗೆ ಜಗ್ಗುವ ಬಟ್ಟೆ. ಅದರ ಮೇಲೆ ಜಗ್ಗದ ದಾರದ ಹೊಲಿಗೆ ಹಾಕಿದರೆ ಮೊದಲ ಜಿಗಿತಕ್ಕೇ ದಾರ ಕಡಿಯುತ್ತದೆ, ಇಲ್ಲವೇ ಬಟ್ಟೆ ಸುಕ್ಕಾಗುತ್ತದೆ. ಅದಕ್ಕೇ ಹರಳನ್ನು ಅಂಟಿನಿಂದ ಕೂಡಿಸುವುದು ಹೆಚ್ಚು. ಬಟ್ಟೆಯನ್ನು ಮೈಯ ಅಳತೆಗೆ ಜಗ್ಗಿ ಹಿಡಿದೇ ಅಂಟಿಸಬೇಕು. ಸಡಿಲ ಇದ್ದಾಗ ಅಂಟಿಸಿದರೆ ಹಾಕಿಕೊಂಡಾಗ ಹರಳು ಸಿಡಿಯುತ್ತದೆ. ಸಿಡಿದು ಐಸ್ ಮೇಲೆ ಬಿದ್ದರೆ ಅಂದ ಕೆಡುವುದಷ್ಟೇ ಅಲ್ಲ, ಒಂದು ಅಂಕ ಕಡಿತ.

ತೂಕದ್ದೂ ಒಂದು ಮಾತಿದೆ. ಗಿರಗಿರನೆ ತಿರುಗುವವರ ಉಡುಪಿನಲ್ಲಿ ಹರಳಿನ ಭಾರ ಅಂಚಿಗೆ ಹೋದಷ್ಟೂ ತಿರುಗುವುದು ನಿಧಾನ. ಎದೆ, ನಡುವಿನ ಹತ್ತಿರ ಇದ್ದರೆ ಅಷ್ಟು ತೊಂದರೆ ಇಲ್ಲ. ಚೆನ್ ಬೀಜಿಂಗಿನ ಫ್ರೀ ಸ್ಕೇಟ್‌ನಲ್ಲಿ ನಾಲ್ಕು ಸುತ್ತಿನ ಜಿಗಿತ ಐದು ಹಾಕಿದರು. ಅವರ ಅಂಗಿ ಯಾಕೆ ಸರಳ ಇತ್ತು ಅಂತ ಕೇಳುವ ಮಕ್ಕಳಿಗೆ ಉತ್ತರ ಇಲ್ಲಿಂದ ಶುರು ಮಾಡಬಹುದು.

ಇಳಿಜಾರು (ಹುಬ್ಬಳ್ಳಿ)

ಅಕ್ಕಾರ, ಒಲಿಂಪಿಕ್ಸಿಗೆ ಹೋಗಲಾರದವರು ಆಟಗಾರರ ಸಾಲಿನಾಗ ಹೆಂಗ ಬರ್ತಾರ? ಅದಕ್ಕ ಜರ್ಮನಿಯ ವಿಲ್ಲಿ ಬೊಗ್ನರ್ ಸರಿ ಅನಸ್ತದ. 1960 ಮತ್ತು 1964ರಾಗ ಖುದ್ದು ಓಡಿದವರು, ಆಮ್ಯಾಲೆ ಸ್ಕೀ ಉಡುಪಿನ ವಿನ್ಯಾಸಕಾರ. 1960ರ ಸ್ಲಾಲಮ್‌ನಾಗ ಮೊದಲ ಸುತ್ತಿಗೆ ಮುಂದಿದ್ದರು, ಎರಡನೇದರಾಗ ಬಿದ್ದರು. ಅವರ ತಂದಿನೂ ವಿಲ್ಲಿ ಬೊಗ್ನರ್, 1936ರಾಗ ಆಟಗಾರರ ಪರವಾಗಿ ಪ್ರತಿಜ್ಞೆ ಹೇಳಿದವರು. ಅಪ್ಪ-ಮಗನ ಹೆಸರು ಒಂದೇ ಇರೋದ್ರಿಂದ ಇಬ್ಬರ ಸಾಧನೆ ಕಲಸಿ ಹೋಗ್ತದ, ಹುಷಾರ.

ಕಸೂತಿ ಎಳೆ (ಧಾರವಾಡ)

ಆಯ್ಕೆಯಾಗದಿದ್ದದ್ದೇ ಅಲ್ಲವೇ ಆ ಫಲಕದ ಜೀವ? ಬೊಗ್ನರ್ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅವರ ಬಟ್ಟೆಯಲ್ಲಿ ಮಕ್ಕಳು ಬೆರಳಿಟ್ಟು ನೋಡುವಂಥ ಹರಳು ಇಲ್ಲ.

ಸಾಧನಕೇರಿ ವಾಚಕ (ಧಾರವಾಡ)

ವೆರಾ ವಾಂಗ್ ಇಟ್ಟೆವು, ಬೊಗ್ನರ್ ಒಂದು ಸಾಲಿನಾಗ ಬರ್ತಾರ. ಕೇಶವನ್ ಅವರಿಗೆ ಜೋಡಿ ಯಾರು? ಮತ್ತ ಪದಕದ ಫಲಕ ಇನ್ನೂ ಖಾಲಿ ಅದ.

ಪಿ.ಟಿ. ಮಾಸ್ತರ (ಹಾವೇರಿ)

ಕೇಶವನ್ ಅವರಿಗೆ ಮನುಷ್ಯರ ಜೋಡಿ ಹುಡುಕಬ್ಯಾಡ್ರಿ, ಹಾದಿಯನ್ನೇ ಜೋಡಿ ಮಾಡ್ರಿ. ಲ್ಯೂಜ್ ಅಂದರ ಅಂಗಾತ ಮಲಗಿ, ಕಾಲು ಮುಂದ ಮಾಡಿ ಐಸ್ ಕಾಲುವಿಯಾಗ ಜಾರೋದು. ಬ್ರೇಕ್ ಇಲ್ಲ. ಮೀನಖಂಡದಿಂದ ಸ್ಲೆಡ್ಡಿನ ಮುಂದಿನ ಕೊಂಬು ಒತ್ತಿ, ಭುಜ ಒತ್ತಿ ತಿರುಗಿಸಬೇಕು. ಸಮಯ ಸೆಕೆಂಡಿನ ಸಾವಿರದ ಒಂದು ಭಾಗದ ತನಕ ಅಳೀತಾರ. ಅಲಗಿನ ಉಕ್ಕು ಬಿಸಿ ಮಾಡಿಕೊಂಡು ಬಂದರ ಜಾರೂದು ಸಲೀಸಾಗ್ತದ ಅಂತ ಓಟಕ್ಕ ಮೊದಲ ಅದರ ಉಷ್ಣತೆನೂ ನೋಡ್ತಾರ.

2010ರ ವ್ಯಾಂಕೂವರ್ ಒಲಿಂಪಿಕ್ಸಿನ ವಿಸ್ಲರ್ ಹಾದಿ ಅತೀ ವೇಗದ್ದು. ಉದ್ಘಾಟನೆಯ ದಿನ, ಫೆಬ್ರುವರಿ 12ಕ್ಕ, ಅಭ್ಯಾಸದಾಗ ಜಾರ್ಜಿಯಾದ ನೊಡಾರ್ ಕುಮಾರಿತಾಶ್ವಿಲಿ ತೀರಿಹೋದರು. ಪುರುಷರ ಓಟವನ್ನ ಕೆಳಗಿನ, ಮಹಿಳೆಯರ ಆರಂಭದ ಜಾಗದಿಂದ ನಡೆಸಿದರು. 2014ರ ಸೋಚಿ ಹಾದಿಯಾಗ ವೇಗ ತಗ್ಗಿಸಾಕ ಮೂರು ಕಡೆ ಏರು ಇಟ್ಟರು. ಕೇಶವನ್ ಎರಡರಾಗೂ ಇಳಿದಾರ: ವಿಸ್ಲರ್‌ನಾಗ 29ನೇ ಸ್ಥಾನ, ಸೋಚಿಯಾಗ 37. 16ನೇ ವಯಸ್ಸಿಗೆ ನಗಾನೊದಾಗ 28, ಒಟ್ಟು ಆರು ಒಲಿಂಪಿಕ್ಸಿನಾಗ ಉತ್ತಮ ಸ್ಥಾನ 2006ರ ಟ್ಯೂರಿನ್‌ನ 25. ಪದಕ ಇಲ್ಲ ಅಂತ ಈ ಅಂಕಿ ಮುಚ್ಚಿಡಬ್ಯಾಡ್ರಿ. ಐಸ್ ಹಾದಿ ಇಲ್ಲದ ದೇಶದಾಗ, ಗಾಲಿ ಹಚ್ಚಿದ ಸ್ಲೆಡ್ ಮ್ಯಾಲೆ ಮನಾಲಿ ಕಡೆಯ ಘಟ್ಟದ ರಸ್ತೆಯಾಗ ಅಭ್ಯಾಸ ಮಾಡಿದವರ 25 ಅದು.

ಸೋಚಿಯ ಬಾವುಟದ ವಿಷಯ ಬೆಂಗೇರಿಯಾಗ ಧ್ವಜ ತಯಾರಾಗೋ ಹುಬ್ಬಳ್ಳಿ ಮಂದಿಗೆ ಬಿಟ್ಟುಹೋಗಬಾರದು. ಭಾರತೀಯ ಒಲಿಂಪಿಕ್ ಸಂಸ್ಥೆ ಅಮಾನತಿನಾಗ ಇದ್ದದ್ದಕ್ಕ ನಮ್ಮ ಮೂವರೂ ಒಲಿಂಪಿಕ್ ಧ್ವಜದ ಕೆಳಗ ನಡೆದರು. ಫೆಬ್ರುವರಿ 11ಕ್ಕ ಅಮಾನತು ತೆಗೆದರು, ಆದರ ಕೇಶವನ್ ಓಟ 9ಕ್ಕೇ ಮುಗಿದಿತ್ತು. ಹಿಮಾಂಶು ಠಾಕೂರ್, ನದೀಮ್ ಇಕ್ಬಾಲ್ ಭಾರತದ ಹೆಸರಿನಾಗ ಓಡಿದರು. ಮೂರೂ ಮಂದಿಗೆ ಒಂದೇ ಸಾಲು ಬರದರ ಇದು ತಪ್ಪಾಗ್ತದ.

ಅಚ್ಚಿನ ಮೊಳೆ (ಗದಗ)

ಪದಕಕ್ಕೆ 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸಿನದ್ದು ಹಾಕಿ. ವಿನ್ಯಾಸ ಲೀ ಸಕ್-ವೂ. ಪದಕದ ಅಂಚಿನ ಸುತ್ತ ಕೊರಿಯನ್ ಲಿಪಿಯ ಬರೇ ವ್ಯಂಜನಗಳನ್ನ ಸಾಲಾಗಿ ಇಟ್ಟು, ಅವುಗಳ ಗೆರೆಗಳನ್ನೇ ಓರೆಯಾಗಿ ಮುಖದ ಮೇಲೆ ಎಳೆದಿದ್ದಾರೆ. "ಒಲಿಂಪಿಕ್", ಇಸವಿ, ಊರು, "ಚಳಿಗಾಲ" ಈ ಪದಗಳ ಸ್ವರ ತೆಗೆದು ಉಳಿದದ್ದು ಅದು. ಕನ್ನಡದಲ್ಲಿ ಮಾಡಿ ತೋರಿಸಿ: "ಹುಬ್ಬಳ್ಳಿ"ಯ ಸ್ವರ ತೆಗೆದರೆ ಉಳಿಯೋದು ಹ್, ಬ್, ಬ್, ಳ್, ಳ್. ಪ್ರತಿ ಮಗುವೂ ತನ್ನ ಊರಿನ ಹೆಸರಿನಿಂದ ರಟ್ಟಿನ ಮೇಲೆ ಒಂದು ಅಂಚು ಮಾಡಬಹುದು. ವ್ಯಾಸ 92.5 ಮಿ.ಮೀ. ಚಿನ್ನದ ಪದಕದ ತೂಕ 586 ಗ್ರಾಂ, ಅದರಲ್ಲಿ ಬಂಗಾರ 6 ಗ್ರಾಂ ಮೇಲಷ್ಟು, ಉಳಿದದ್ದೆಲ್ಲ ಬೆಳ್ಳಿ. ಅರ್ಧ ತೊಲಿ ಬಂಗಾರ ಅಂದರೆ ಮನೆಯವರಿಗೂ ಅರ್ಥ ಆಗ್ತದೆ.

ಪಕ್ಕದಲ್ಲಿ 2010ರದ್ದು ಸಣ್ಣದಾಗಿ ಬರಲಿ: ಕೊರಿನ್ ಹಂಟ್ ಬರೆದ ಓರ್ಕಾ ತಿಮಿಂಗಿಲದ ಒಂದು ದೊಡ್ಡ ಚಿತ್ರದಿಂದ ಬೇರೆ ಬೇರೆ ತುಣುಕು ತೆಗೆದದ್ದರಿಂದ ಒಂದು ಪದಕ ಇನ್ನೊಂದರಂತಿಲ್ಲ. ಅಲೆಯಂಥ ಮೈ ಒಮರ್ ಆರ್ಬೆಲ್ ಅವರದು.

ಇನ್ನು ಅಚ್ಚು. ಎ2ನಲ್ಲಿ ಮೈಬರಹ 28 ಪಾಯಿಂಟ್, ಸಾಲಿನ ಅಂತರ 42 ಇಟ್ಟರೆ 120 ಶಬ್ದ ಹದಿನಾಲ್ಕು ಸಾಲಿನ ಆಸುಪಾಸು, ಹಾಳೆಯ ಮೂರನೇ ಒಂದು ಭಾಗ. ಮೇಲಿನ ಎರಡು ಭಾಗ ಚಿತ್ರಕ್ಕೆ. ಐದು ಉಂಗುರದ ಚಿಹ್ನೆ ಹಾಕಬೇಡಿ, ಅದಕ್ಕೆ ಅನುಮತಿ ಬೇಕು.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಯೂನಿಕೋಡಿಗೆ ಬದಲಿಸಿದರೆ ವಿದೇಶಿ ಹೆಸರುಗಳೇ ಮೊದಲು ಕೆಡೋದು. "ಪ್ಯೊಂಗ್‌ಚಾಂಗ್" ನಡುವೆ ಕಾಣದ ಒಂದು ಅಕ್ಷರ ಇರ್ತದೆ, ಝೀರೋ ವಿಡ್ತ್ ನಾನ್ ಜಾಯ್ನರ್. ನಕಲು ಮಾಡಿ ಅಂಟಿಸುವಾಗ ಅದು ಬಿದ್ದುಹೋದರೆ "ಪ್ಯೊಂಗ್ಚಾಂಗ್" ಅಂತ ಒತ್ತಕ್ಷರ ಕೂಡಿಕೊಳ್ತದೆ. ಕರಡು ಪರದೆ ಮೇಲೆ ನೋಡಬೇಡಿ, ಎ4ಗೆ ಒಂದು ಪ್ರತಿ ತೆಗೆದು ಬರೇ ಹೆಸರುಗಳನ್ನ ಕೆಂಪು ಪೆನ್ನಿಂದ ಒಂದೊಂದಾಗಿ ಗುರುತು ಹಾಕಿ. ಆ ಊರಿನ ಮುಂದೆ "ದಕ್ಷಿಣ ಕೊರಿಯಾ" ಅಂತ ಬರೆಯೋದು ಮರೀಬೇಡಿ. ಪ್ಯೊಂಗ್‌ಯಾಂಗ್ ಅಂತ ಓದಿದವರು ಕೊರಿಯಾದ ಆಚೆ ಭಾಗಕ್ಕೆ ಹೋಗಿಬಿಡ್ತಾರೆ.

ಸಾಧನಕೇರಿ ವಾಚಕ (ಧಾರವಾಡ)

ಎಂಟರಾಗ ಐದು ಗಟ್ಟಿ ಆದವು: ರೂಸ್ಸಿ, ಕ್ಲಾಪ್ ಸ್ಕೇಟ್, ವೆರಾ ವಾಂಗ್-ಚೆನ್, ಕೇಶವನ್, ಪದಕ. ಹಳೇ ಹವಾಯಿ ಚಪ್ಪಲಿ ಈಗಾಗಲೇ ತಯಾರದ.

ಇಳಿಜಾರು (ಹುಬ್ಬಳ್ಳಿ)

ಆರನೇದಕ್ಕ 2010ರ ನಾಲ್ಕು ಮಂದಿಯ ಬಾಬ್‌ಸ್ಲೆಡ್ (ಐಸ್ ಹಾದಿಯಾಗ ಕೂತು ಜಾರೋ ಬಂಡಿ) ನೋಡ್ರಿ. ವಿನ್ಯಾಸ ಬಾಬ್ ಕ್ಯುನಿಯೊ, ಚಾಲಕ ಸ್ಟೀವನ್ ಹಾಲ್ಕಂಬ್, 1948ರ ನಂತರ ಅಮೆರಿಕಕ್ಕ ಆ ವಿಭಾಗದಾಗ ಮೊದಲ ಚಿನ್ನ. ಮಂದ ಕರಿ ಬಣ್ಣದ ಬಂಡಿ ಅದು. ಅಚ್ಚಿನಾಗ ಕರಿ ಹಿನ್ನೆಲೆ ಕೊಟ್ಟರ ಬಂಡಿ ಕಾಣಂಗಿಲ್ಲ, ಹಿಂದ ಬಿಳಿನೇ ಬಿಡ್ರಿ.