ಸಹಕಾರಿ ಸಕ್ಕರೆ ಕಾರ್ಖಾನೆಗೂ ಸಿಎಸ್‌ಆರ್ ಕಡ್ಡಾಯವೇ?

ಪ್ರಶ್ನೆ (ನಿರ್ದೇಶಕರೊಬ್ಬರು, ಬೆಳಗಾವಿ ಜಿಲ್ಲೆ): ಸರ್, ನಮಸ್ಕಾರ. ರಾಜ್ಯದ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿಯಾಗಿರುವ ಸಕ್ಕರೆ ಕಾರ್ಖಾನೆಯೊಂದರ ಆಡಳಿತ ಮಂಡಳಿಗೆ ಈ ಸಲ ಹೊಸದಾಗಿ ಆರಿಸಿ ಬಂದಿದ್ದೇನೆ. ಖಾಸಗಿ ಕಾರ್ಖಾನೆಗಳಂತೆ ನಾವೂ ಲಾಭದ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ, ಅಂದರೆ ಕಂಪನಿಗಳ ಸಾಮಾಜಿಕ ಜವಾಬ್ದಾರಿಯ ಕೆಲಸಗಳಿಗೆ, ಎತ್ತಿಡಲೇಬೇಕು, ಆ ಹಣದಲ್ಲಿ ಊರ ಅಗಸಿಗೆ ಸ್ವಾಗತ ಕಮಾನು ಕಟ್ಟಿಸೋಣ ಎಂದು ಮಂಡಳಿಯಲ್ಲಿ ಮಾತು ನಡೆದಿದೆ. ಇದು ಕಡ್ಡಾಯವೇ? ಅಲ್ಲವಾದರೆ ಯಾರನ್ನು ಕೇಳಿ ಖರ್ಚು ಮಾಡಬೇಕು?

ಉತ್ತರ (ಸಹಕಾರ ಲೆಕ್ಕಪರಿಶೋಧಕರು): ಕಡ್ಡಾಯವಲ್ಲ. ಶೇ. 2ರ ನಿಯಮ ಇರುವುದು 2013ರ ಕಂಪನಿ ಕಾಯ್ದೆಯ 135ನೇ ಕಲಮಿನಲ್ಲಿ. ಹಿಂದಿನ ಹಣಕಾಸು ವರ್ಷದಲ್ಲಿ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿಯು ತನ್ನ ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಗಳಿಗೆ ವಿನಿಯೋಗಿಸಬೇಕು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿಯ ಸಂಘವು ಕಂಪನಿಯಲ್ಲವಾದ್ದರಿಂದ ನಿಮಗೆ ಇದು ಅನ್ವಯಿಸುವುದಿಲ್ಲ. ಡಿಸ್ಟಿಲರಿಗೆಂದು ಪ್ರತ್ಯೇಕ ಕಂಪನಿ ತೆರೆದಿದ್ದರೆ, ಆ ಕಂಪನಿಯ ಮಟ್ಟಿಗೆ ಲೆಕ್ಕ ನೋಡಬೇಕಾಗುತ್ತದೆ.

ನಿಮ್ಮ ಲಾಭ ಎತ್ತ ಹೋಗಬೇಕೆಂಬುದಕ್ಕೆ ಸಹಕಾರ ಕಾಯ್ದೆಯೇ ದಾರಿ ಹಾಕಿದೆ. ನಿವ್ವಳ ಲಾಭದಲ್ಲಿ ಕನಿಷ್ಠ ಶೇ. 25 ಮೀಸಲು ನಿಧಿಗೆ ಹೋಗಬೇಕು, ಸಹಕಾರ ಶಿಕ್ಷಣ ನಿಧಿಯ ಪಾಲು ಸಲ್ಲಬೇಕು, ಉಳಿದದ್ದರ ಹಂಚಿಕೆ ಕಾಯ್ದೆ ಮತ್ತು ಉಪವಿಧಿಗಳ ಚೌಕಟ್ಟಿನೊಳಗೆ ಸದಸ್ಯರ ಮಹಾಸಭೆಯ ಮುಂದೆ ಬರಬೇಕು. ಅಂತರರಾಷ್ಟ್ರೀಯ ಸಹಕಾರ ಒಕ್ಕೂಟವು 1995ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅಂಗೀಕರಿಸಿದ 7 ತತ್ವಗಳಲ್ಲಿ ಕೊನೆಯದು ಸಮುದಾಯದ ಬಗೆಗಿನ ಕಾಳಜಿ. ಸಹಕಾರ ಸಪ್ತಾಹದ ಭಾಷಣಗಳಲ್ಲಿ ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ಕಾಳಜಿ ಸದಸ್ಯರು ಒಪ್ಪಿದ ನೀತಿಗಳ ಮೂಲಕವೇ ನಡೆಯಬೇಕೆಂದು ಅದೇ ತತ್ವದಲ್ಲಿರುವ ಮಾತನ್ನು ಮಾತ್ರ ಬಿಟ್ಟುಬಿಡುತ್ತಾರೆ.

ಕಮಾನಿನ ಬಗ್ಗೆ ನೇರವಾಗಿ ಹೇಳುವುದಾದರೆ, ಮೊದಲು ಕಬ್ಬಿನ ಬಿಲ್ಲಿನ ಬಾಕಿ ನೋಡಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ವಿಳಂಬದ ಅವಧಿಗೆ ವಾರ್ಷಿಕ ಶೇ. 15ರ ಬಡ್ಡಿ ಸೇರಿಸಬೇಕು. ರೈತನ ಬಿಲ್ಲು ತಡೆದಿಟ್ಟು ಅಗಸಿಯಲ್ಲಿ ಅಧ್ಯಕ್ಷರ ಹೆಸರು ಕೆತ್ತಿಸುವುದನ್ನು ನಾನು ಸಾಮಾಜಿಕ ಜವಾಬ್ದಾರಿ ಎಂದು ಕರೆಯಲಾರೆ.

ಮರುಪ್ರಶ್ನೆ (ಕಬ್ಬು ಬೆಳೆಗಾರರು, ಬಾಗಲಕೋಟೆ ಜಿಲ್ಲೆ): ಸರ್, ಮಹಾಸಭೆ ಎಂದರೆ ವರದಿ ಓದುವುದರೊಳಗೆ ಹಿಂದಿನ ಸಾಲಿನವರು "ಮಂಜೂರ್, ಮಂಜೂರ್" ಎಂದು ಕೂಗುವುದು, ಜನ ಊಟದ ಪಾಳಿಗೆ ಏಳುವುದು. ಅಲ್ಲಿ ಅಭಿಪ್ರಾಯ ಕೇಳಿದಂತಾಗುತ್ತದೆಯೇ? ಸದಸ್ಯರಲ್ಲದವರ ಗತಿಯೇನು?

ಉತ್ತರ: ನೀವು ಹೇಳುವ ಸಭೆಗಳಲ್ಲಿ ನಾನೂ ವೇದಿಕೆಯ ಮೂಲೆಯಲ್ಲಿ ಕುಳಿತಿದ್ದೇನೆ. ಸೆಪ್ಟೆಂಬರ್ 25ರೊಳಗೆ ಮಹಾಸಭೆ ಮುಗಿಸಬೇಕಾಗಿರುವುದರಿಂದ ಆ ಒಂದು ದಿನದ ಮೇಲೆ ಎಲ್ಲವನ್ನೂ ಹೊರಿಸುವುದು ಸರಿಯಲ್ಲ. ಅದಕ್ಕೆ ಮೊದಲೇ ಊರೂರಿನ ಚಾವಡಿಯಲ್ಲಿ ಸಣ್ಣ ಸಭೆಗಳನ್ನು ಕರೆದು, ಬಂದ ತಕರಾರುಗಳನ್ನು ಬರೆದುಕೊಂಡು, ಅವುಗಳಿಗೆ ಮಂಡಳಿ ಕೊಟ್ಟ ಉತ್ತರವನ್ನು ವಾರ್ಷಿಕ ವರದಿಯಲ್ಲಿಯೇ ಅಚ್ಚು ಹಾಕಿಸಬೇಕು. ಬಹುತೇಕ ಮೊದಲು ಬರುವ ತಕರಾರು ತೂಕದ್ದು. ರೈತನು ಹೊರಗಿನ ಕಾಟಾದಲ್ಲಿ ತೂಗಿಸಿ ತಂದ ಗಾಡಿಯನ್ನು ತಡೆಯುವುದಿಲ್ಲ ಎಂದು ಠರಾವು ಮಾಡಿದರೆ, ಒಂದು ರೂಪಾಯಿ ಖರ್ಚಿಲ್ಲದೆ ಕಮಾನಿಗಿಂತ ಹೆಚ್ಚಿನ ವಿಶ್ವಾಸ ಹುಟ್ಟುತ್ತದೆ.

ಸದಸ್ಯರಲ್ಲದವರಲ್ಲಿ ಇಬ್ಬರನ್ನು ಮರೆಯಬಾರದು. ಕಾರ್ಖಾನೆಯ ನೀರು ಹರಿಯುವ ಹಳ್ಳದ ಕೆಳಗಿನ ಊರಿನವರು ಒಬ್ಬರು. ವಾಸನೆ ಬಂದಾಗ ಯಾರಿಗೆ ಹೇಳಬೇಕೆಂಬುದೂ ಅವರಿಗೆ ಗೊತ್ತಿರುವುದಿಲ್ಲ. ಇನ್ನೊಬ್ಬರು ವಿಜಯಪುರದ ಕಡೆಯಿಂದಲೂ ಮಹಾರಾಷ್ಟ್ರದ ಬೀಡ್ ಕಡೆಯಿಂದಲೂ ಬರುವ ಕಟಾವಿನ ಗ್ಯಾಂಗಿನವರು. ಅವರ ಗುಡಿಸಲುಗಳಿಗೆ ನೀರು, ಮಕ್ಕಳಿಗೆ ಹಂಗಾಮಿನ ಮಟ್ಟಿಗಾದರೂ ಶಾಲೆ ಬೇಕೆಂಬುದನ್ನು ತಿಳಿಯಲು ಗ್ಯಾಂಗಿನ ಮೇಸ್ತ್ರಿಯಾದ ಮುಕಾದಮನೊಬ್ಬನನ್ನು ಕೇಳಿದರೆ ಸಾಲದು. ಮುಂಗಡ ಹಣದ ಲೆಕ್ಕ ಅವನ ಕೈಯಲ್ಲಿರುವುದರಿಂದ ಅವನೆದುರು ಹೆಣ್ಣುಮಕ್ಕಳು ಬಾಯಿ ಬಿಡುವುದಿಲ್ಲ. ಅವರನ್ನು ಬೇರೆಯಾಗಿಯೇ, ಮಹಿಳಾ ನಿರ್ದೇಶಕರು ಹೋಗಿ ಮಾತನಾಡಿಸುವುದು ಒಳ್ಳೆಯದು.

ನಿರ್ದೇಶಕರು: ಸರ್, ಬಿಲ್ಲಿನ ಬಾಕಿ ಪಟ್ಟಿ ಕೊಡಿರೆಂದು ವ್ಯವಸ್ಥಾಪಕ ನಿರ್ದೇಶಕರಿಗೆ ಇವತ್ತೇ ಪತ್ರ ಬರೆಯುತ್ತೇನೆ.